ಪುಕ್ಕಟೆ ಸಿಕ್ಕ ಕೋಡು, ರೊಕ್ಕಕ್ಕೆ ಮಾರೋ ಸಾಫ್ಟ್‌ವೇರು

ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿನ ಆಫೀಸಿನಲ್ಲಿ ಕೂತಿದ್ದೆ. ಸುಗ್ಗಿ ಟೈಮು. ಹೊರಗೆ ಭತ್ತದ ಲಾರಿಗಳು ಕಾಟಾದ ಮುಂದೆ ಸಾಲಾಗಿ ನಿಂತಿದ್ದವು. ಒಳಗೆ ನಾನು ಬರೆದ ಸಾಫ್ಟ್‌ವೇರ್ ತೂಕ ಹಿಡಿದು, ತೇವಾಂಶಕ್ಕೆ ಕಡಿತ ಎಷ್ಟು, ಹಮಾಲಿ ಎಷ್ಟು, ಚೀಲ ಎಷ್ಟು ಅಂತ ಲೆಕ್ಕ ಹಾಕಿ ಕನ್ನಡದಲ್ಲಿ ಚೀಟಿ ಮುದ್ರಿಸುತ್ತಿತ್ತು. ಸಾಹುಕಾರರ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ರಜಕ್ಕೆ ಬಂದಿದ್ದ. ನನ್ನ ಲ್ಯಾಪ್‌ಟಾಪ್ ಕಡೆ ಇಣುಕಿ ನೋಡಿ ಕೇಳಿದ: "ಅಣ್ಣಾ, ಇದು ಪೋಸ್ಟ್‌ಗ್ರೆಸ್ ಅಲ್ಲೇನು? ಪೈಥಾನ್‌ನಾಗ ಬರ್ದೀರಿ. ಇವೆಲ್ಲ ಪುಕ್ಕಟೆ ಸಿಗ್ತಾವಲ್ಲ. ಮತ್ತ ನಮ್ಮಪ್ಪನ ಹತ್ರ ನಲವತ್ತು ಸಾವಿರ ಯಾಕ ಇಸ್ಕೊಂಡ್ರಿ?"

ಪೋಸ್ಟ್‌ಗ್ರೆಸ್ ಅಂದರೆ ಲೆಕ್ಕವೆಲ್ಲ ಕೂಡಿಡುವ ಡೇಟಾಬೇಸ್, ಪೈಥಾನ್ ಅಂದರೆ ಪ್ರೋಗ್ರಾಂ ಬರೆಯುವ ಭಾಷೆ. ಸಾಹುಕಾರರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು "ಅದು ಹಂಗಲ್ಲ ತಮ್ಮಾ, ಅದು ಬ್ಯಾರೆ ಐತಿ" ಅಂತ ಏನೋ ಹೇಳಿ, ಪ್ರಿಂಟರ್ ಕೇಬಲ್ ಸರಿಮಾಡುವ ನೆಪದಲ್ಲಿ ಎದ್ದು ಹೋದೆ. ನಿಜ ಹೇಳಬೇಕೆಂದರೆ ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಮನೆಗೆ ಬಂದು, ನಾನು ಬಳಸುವ ಕೋಡಿನ ಲೈಸೆನ್ಸುಗಳನ್ನು ಮೊದಲ ಸಲ ಪೂರ್ತಿ ಓದಿದೆ. ಓದಿದ ಮೇಲೆ ಗೊತ್ತಾಯಿತು, ಹುಡುಗ ಕೇಳಿದ ಪ್ರಶ್ನೆ ಸುಲಭದ್ದು. ಅವನು ಕೇಳದೇ ಬಿಟ್ಟ ಪ್ರಶ್ನೆಗಳಲ್ಲೇ ನಾನು ಸಿಕ್ಕಿಬೀಳುತ್ತಿದ್ದೆ.

ಸುಲಭದ್ದನ್ನು ಮೊದಲು ಮುಗಿಸೋಣ. ಮಾರಬಹುದಾ? ಮಾರಬಹುದು. ಕಾನೂನಿನ ಕಳ್ಳದಾರಿ ಹುಡುಕಿ ಹೇಳುವ ಮಾತಲ್ಲ ಇದು, ಇಂಥ ಕೋಡ್ ಬರೆದವರೇ ಹಾಗೆ ಹೇಳಿದ್ದಾರೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಎಲ್ಲರೂ ಬಳಸಿ, ಬದಲಿಸಿ, ಹಂಚಬಹುದಾದ ಸಾಫ್ಟ್‌ವೇರ್ ಕಟ್ಟುವ ಗ್ನೂ ಯೋಜನೆ ಘೋಷಿಸಿ, ಕೆಲಸ ಬಿಟ್ಟು, ಈಮ್ಯಾಕ್ಸ್ ಅನ್ನೋ ಎಡಿಟರ್ ಬರೆದರು. ಇಂಟರ್ನೆಟ್ ಇದ್ದವರು ಅದನ್ನು ಸುಮ್ನೆ ಇಳಿಸಿಕೊಳ್ಳಬಹುದಿತ್ತು. ಆದರೆ ಆ ಕಾಲಕ್ಕೆ ಇಂಟರ್ನೆಟ್ ಇದ್ದವರು ಎಷ್ಟು ಮಂದಿ? ಬೇಕಾದವರಿಗೆ ಅವರು ಟೇಪಿಗೆ ತುಂಬಿ ಅಂಚೆಯಲ್ಲಿ ಕಳಿಸುತ್ತಿದ್ದರು, ಒಂದು ಟೇಪಿಗೆ 150 ಡಾಲರ್. ಮುಕ್ತ ಸಾಫ್ಟ್‌ವೇರ್ ಚಳವಳಿ ಶುರುಮಾಡಿದ ಮನುಷ್ಯನೇ ತನ್ನ ಮುಕ್ತ ಸಾಫ್ಟ್‌ವೇರನ್ನು ಮಾರಿ ಹೊಟ್ಟೆ ಹೊರೆದಿದ್ದ.

ಇಂಗ್ಲಿಷಿನವರಿಗೆ ಇಲ್ಲಿ ಒಂದು ಗೋಜಲು ಇದೆ, ಅವರ ಭಾಷೆಯಲ್ಲಿ ಬಿಟ್ಟಿಗೂ ಬಿಡುಗಡೆಗೂ ಒಂದೇ ಪದ. ನಮಗೆ ಆ ತೊಂದರೆ ಇಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ಓಪನ್ ಸೋರ್ಸ್ ಅಂದರೆ ಮುಕ್ತ. ಬಳಸು, ಒಳಗೆ ನೋಡು, ಬದಲಿಸು, ಹಂಚು, ಬೇಕಾದರೆ ಮಾರು. ಸಾಮಾನ್ಯವಾಗಿ ಪುಕ್ಕಟೆಯೂ ಸಿಗುತ್ತದೆ ಅನ್ನೋದು ನಿಜ, ಆದರೆ ಅದು ಷರತ್ತಲ್ಲ.

ತಮಾಷೆಯ ವಿಷಯ ಏನೆಂದರೆ, ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್ ಆದ ಲಿನಕ್ಸ್ ಹುಟ್ಟಿದಾಗ ಅದನ್ನು ಮಾರುವ ಹಾಗಿರಲಿಲ್ಲ. 1991ರಲ್ಲಿ ಅದನ್ನು ಬರೆದ ಲಿನಸ್ ಟೊರ್ವಾಲ್ಡ್ಸ್ ಹಾಕಿದ್ದ ಮೊದಲ ಲೈಸೆನ್ಸಿನಲ್ಲಿ ಹಂಚುವುದಕ್ಕೆ ದುಡ್ಡು ತೆಗೆದುಕೊಳ್ಳಬಾರದು ಅಂತ ಇತ್ತು. ಫ್ಲಾಪಿಗೆ ತುಂಬಿ ಕೊಡುವವರು ಕನಿಷ್ಠ ಫ್ಲಾಪಿಯ ಖರ್ಚಾದರೂ ಬೇಡವಾ ಅಂತ ಕೇಳಿದರು. 1992ರಲ್ಲಿ ಅವರು ಜಿಪಿಎಲ್ ಅನ್ನೋ ಲೈಸೆನ್ಸಿಗೆ (ಅದರ ಷರತ್ತು ಮುಂದೆ ಹೇಳುತ್ತೇನೆ) ಬಂದರು, ಮಾರುವುದಕ್ಕೆ ದಾರಿ ಬಿಟ್ಟರು. ಆ ದಾರಿ ತೆರೆಯದಿದ್ದರೆ ಲಿನಕ್ಸ್ ಇವತ್ತು ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗೆ ಇರುತ್ತಿತ್ತಾ? ನನಗೆ ಅನುಮಾನ. 1998ರಲ್ಲಿ ಓಪನ್ ಸೋರ್ಸ್ ಅನ್ನೋ ಹೆಸರೇ ಹುಟ್ಟಿ, ಅದಕ್ಕೊಂದು ವ್ಯಾಖ್ಯೆ ಬರೆದಾಗಲೂ ಇದನ್ನು ಸೇರಿಸಿದರು: ವ್ಯಾಪಾರಕ್ಕೆ ಬಳಸಬೇಡ ಅನ್ನೋ ಲೈಸೆನ್ಸ್ ಓಪನ್ ಸೋರ್ಸೇ ಅಲ್ಲ.

ಹಾಗಾದರೆ ನಲವತ್ತು ಸಾವಿರ ಇಸ್ಕೊಂಡಿದ್ದು ತಪ್ಪಲ್ಲ. ತಪ್ಪು ಬೇರೆ ಕಡೆ ಇತ್ತು.

ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಓಪನ್ ಸೋರ್ಸ್ ಕೋಡಿಗೆ ಮಾಲೀಕರು ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ, ಊರ ಮುಂದಿನ ಗೋಮಾಳ ಇದ್ದ ಹಾಗೆ. ಅದು ಸುಳ್ಳು. ಪ್ರತಿ ಸಾಲಿಗೂ ಬರೆದವರ ಹಕ್ಕು ಇದೆ. ನಮ್ಮ 1957ರ ಕಾಪಿರೈಟ್ ಕಾಯಿದೆಯೂ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿ ಅಂತಲೇ ಎಣಿಸುತ್ತದೆ. ಕಥೆ ಬರೆದವರಿಗೆ ಇರುವ ಹಕ್ಕು ಕೋಡ್ ಬರೆದವರಿಗೂ ಇದೆ. ಲೈಸೆನ್ಸ್ ಅಂದರೆ ಆ ಮಾಲೀಕ ಕೊಟ್ಟ ಅನುಮತಿ, ಅದಕ್ಕೆ ಅವನು ಹಾಕಿದ ಷರತ್ತು. ಷರತ್ತು ಮುರಿದರೆ ಅನುಮತಿ ಇಲ್ಲ, ಅನುಮತಿ ಇಲ್ಲದಿದ್ದರೆ ಅದು ನಕಲಿ ಮಾಲಿಗೆ ಸಮ. ಇದು ಬರೀ ಕಾಗದದ ಮಾತು ಅಂದುಕೊಂಡಿದ್ದವರೂ ಇದ್ದರು. ಅಮೆರಿಕದಲ್ಲಿ ಆಟಿಕೆ ರೈಲುಗಳನ್ನು ನಡೆಸುವ ಒಂದು ಪುಟ್ಟ ಓಪನ್ ಸೋರ್ಸ್ ಪ್ರೋಗ್ರಾಂ ಇತ್ತು. ಅದರ ಫೈಲುಗಳನ್ನು ಇನ್ನೊಬ್ಬರು ಹೆಸರು ಗಿಸರು ತೆಗೆದು ತಮ್ಮ ಪ್ರಾಡಕ್ಟಿಗೆ ಹಾಕಿಕೊಂಡರು. ಕೇಸು ಮೇಲಿನ ಕೋರ್ಟಿಗೆ ಹೋಗಿ, 2008ರಲ್ಲಿ ತೀರ್ಪು ಬಂತು: ದುಡ್ಡು ಕೇಳದೇ ಕೊಟ್ಟ ಕೋಡಾದರೂ ಷರತ್ತು ಷರತ್ತೇ, ಮುರಿದರೆ ಕಾಪಿರೈಟ್ ಉಲ್ಲಂಘನೆ ಆಗಬಹುದು. ಆಟಿಕೆ ರೈಲಿನಿಂದ ಇಡೀ ಜಗತ್ತಿನ ಸಾಫ್ಟ್‌ವೇರಿಗೆ ಪಾಠ.

ಈಗ ಷರತ್ತುಗಳಿಗೆ ಬರೋಣ. ನಮ್ಮ ಕಡೆಯವರಿಗೆ ಕಾಲುವೆ ಇಟ್ಟುಕೊಂಡು ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಗೊತ್ತಲ್ಲ, ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರು ಕಡೆ ಹೋಗುತ್ತದೆ. ಮೇಲಿನವರು ಎರಡು ಬೆಳೆ ಭತ್ತ ಬೆಳೆಯುತ್ತಾರೆ, ಕೊನೆ ಭಾಗದವರು 104ನೇ ಮೈಲಿನಲ್ಲಿ ನೀರಿನ ಗೇಜ್ ಎಷ್ಟು ಅಡಿ ಇದೆ ಅಂತ ಕೇಳಿಕೊಂಡು ರಸ್ತೆಗೆ ಇಳಿಯುತ್ತಾರೆ. ಮೇಲಿನವನು ಬೆಳೆ ಮಾರಿದ ಅಂತ ಕೆಳಗಿನವನು ಯಾವತ್ತೂ ಜಗಳ ಮಾಡಿದ್ದಿಲ್ಲ. ಪೈಪು ಹಾಕಿ ಎತ್ತಿಕೊಂಡು ಕೆಳಗೆ ನೀರು ಬಿಡಲಿಲ್ಲ ಅನ್ನೋದೇ ಜಗಳ.

ಲೈಸೆನ್ಸುಗಳಲ್ಲಿ ಎರಡು ದೊಡ್ಡ ಜಾತಿ. ಒಂದು ಎಂಐಟಿ, ಬಿಎಸ್‌ಡಿ, ಅಪಾಚೆ ತರಹದ್ದು. ಇವು ಹೇಳುವುದು ಇಷ್ಟೇ: ನೀರು ತಗೋ, ಕೆಳಗೆ ಬಿಡುವುದು ಬಿಡದಿರುವುದು ನಿನ್ನಿಷ್ಟ, ಆದರೆ ಇದು ಯಾರ ಕಾಲುವೆ ನೀರು ಅನ್ನೋ ಬೋರ್ಡನ್ನು ಮಾತ್ರ ಕೀಳಬೇಡ. ಅಂದರೆ ಬರೆದವರ ಹೆಸರು, ಲೈಸೆನ್ಸಿನ ಪಠ್ಯ ನಿಮ್ಮ ಸಾಫ್ಟ್‌ವೇರಿನ ಜೊತೆ ಹೋಗಬೇಕು. ಕೋಡ್ ಮುಚ್ಚಿಟ್ಟುಕೊಂಡು ಮಾರಬಹುದು. ಪೋಸ್ಟ್‌ಗ್ರೆಸ್, ಪೈಥಾನ್ ಎರಡೂ ಹೆಚ್ಚು ಕಡಿಮೆ ಇದೇ ಗುಂಪಿಗೆ ಸೇರುತ್ತವೆ. ಇನ್ನೊಂದು ಜಿಪಿಎಲ್. ಅದು ಹೇಳುವುದು: ಬಳಸು, ಬೆಳೆ, ಮಾರು, ಆದರೆ ಕಾಲುವೆಗೆ ಅಡ್ಡ ಕಟ್ಟೆ ಹಾಕಬೇಡ. ನೀನು ಬದಲಿಸಿದ ಸಾಫ್ಟ್‌ವೇರನ್ನು ಯಾರಿಗೆ ಕೊಡುತ್ತೀಯೋ ಅವರಿಗೆ ಅದರ ಸೋರ್ಸ್ ಕೋಡೂ, ಅಂದರೆ ಓದಿ ಬದಲಿಸಬಹುದಾದ ಮೂಲ ಬರಹವೂ, ಸಿಗಬೇಕು, ನಿನಗಿರುವ ಹಕ್ಕೆಲ್ಲ ಅವರಿಗೂ ಇರಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ಜಿಪಿಎಲ್ ಅಂದರೆ ಕೋಡನ್ನು ಇಡೀ ಜಗತ್ತಿಗೆ ಹಾಕಬೇಕು ಅಂತಲ್ಲ. ಯಾರಿಗೆ ಮಾರಿದೆಯೋ ಅವರಿಗೆ ಕೊಟ್ಟರೆ ಸಾಕು. ಹತ್ತು ಮಿಲ್ಲಿಗೆ ಮಾರಿದರೆ ಆ ಹತ್ತು ಮಿಲ್ಲಿಗೆ. ಆದರೆ ಅವರಲ್ಲಿ ಒಬ್ಬರು ಅದನ್ನು ಪಕ್ಕದ ಮಿಲ್ಲಿಗೆ ಪುಕ್ಕಟೆ ಕೊಟ್ಟರೆ ನೀವು ತಡೆಯುವ ಹಾಗಿಲ್ಲ. ಆಗ ಹೊಟ್ಟೆಪಾಡು ಹೇಗೆ ಅಂತ ಕೇಳುತ್ತೀರಿ. ಅದೇ ಲೆಕ್ಕವನ್ನು ನಾನೂ ಹಾಕಿ ನೋಡಿದೆ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದಕ್ಕೆ ಕಾಟಾದಿಂದ ಕಂಪ್ಯೂಟರಿಗೆ ತೂಕ ಬರುವುದು ನಿಂತು, ಹನ್ನೆರಡು ಲಾರಿ ಸಾಲಿನಲ್ಲಿ ನಿಂತಾಗ, ಬೈಕ್ ಹತ್ತಿ ಬರುವವನು ಯಾರು? ಕೋಡ್ ಬರಲ್ಲ, ನಾನು ಬರುತ್ತೇನೆ. ಸಾಹುಕಾರರು ದುಡ್ಡು ಕೊಡುವುದು ಹೆಚ್ಚಿನ ಪಾಲು ಅದಕ್ಕೇ. ಮಿಲ್ಲಿಗೆ ಭತ್ತ ರೈತರದ್ದು ಬರುತ್ತದೆ, ಮಿಲ್ಲಿನವರು ಅದನ್ನು ಬೆಳೆದಿಲ್ಲ, ಹಾಗಂತ ಅಕ್ಕಿ ಮಾಡಿಕೊಟ್ಟಿದ್ದಕ್ಕೆ ಕೂಲಿ ಕೇಳಿದರೆ ಯಾರಾದರೂ ಮೋಸ ಅನ್ನುತ್ತಾರಾ?

ಈಗ ನನ್ನ ತಪ್ಪಿನ ವಿಷಯ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ, ನನ್ನ ಹಾಗೆ ಮಾಡುತ್ತಿರುವವರು ಜಾಸ್ತಿ ಇದ್ದಾರೆ ಅಂತ ಗೊತ್ತು.

ಪರದೆ ಮೇಲಿನ ಕಿಟಕಿ, ಬಟನ್ನು, ಪಟ್ಟಿ ಇವೆಲ್ಲ ಬರೆಯಲು ನಾನು ಪೈಕ್ಯೂಟಿ ಅನ್ನೋ ಲೈಬ್ರರಿ, ಅಂದರೆ ಬೇರೆಯವರು ಮೊದಲೇ ಬರೆದಿಟ್ಟ ಕೋಡಿನ ಕಂತೆ, ಬಳಸಿದ್ದೆ. ಅದನ್ನು ಎರಡು ತರಹ ಕೊಡುತ್ತಾರೆ. ಒಂದೋ ಜಿಪಿಎಲ್, ಇಲ್ಲವಾದರೆ ದುಡ್ಡು ಕೊಟ್ಟು ಕಮರ್ಷಿಯಲ್ ಲೈಸೆನ್ಸ್. ನಾನು ದುಡ್ಡೂ ಕೊಟ್ಟಿರಲಿಲ್ಲ, ಕೋಡನ್ನೂ ಮಿಲ್ಲಿನವರಿಗೆ ಕೊಟ್ಟಿರಲಿಲ್ಲ. ಎರಡೂ ಕಡೆಯ ಲಾಭ ತಿಂದಿದ್ದೆ. ಎರಡು ವರ್ಷ ನನಗೆ ಇದು ಗೊತ್ತೇ ಇರಲಿಲ್ಲ, ಪಿಪ್ ಇನ್‌ಸ್ಟಾಲ್ ಅಂತ ಟೈಪ್ ಮಾಡಿದರೆ ಬಂತು, ಕೆಲಸ ಆಯಿತು, ಅಷ್ಟೇ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಬಾರ್‌ಕೋಡ್ ಮುದ್ರಿಸುವ ಒಂದು ಪುಟ್ಟ ಎಂಐಟಿ ಲೈಬ್ರರಿಯ ಫೈಲನ್ನು ನನ್ನ ಕೋಡಿನ ಒಳಗೆ ನಕಲು ಮಾಡಿಕೊಂಡು, ಮೇಲಿನ ನಾಲ್ಕು ಸಾಲು ಹೆಸರು ಗಿಸರು ಗಲೀಜಾಗಿ ಕಾಣುತ್ತದೆ ಅಂತ ಅಳಿಸಿದ್ದೆ. ಇದು ಗೊತ್ತಿಲ್ಲದೆ ಆಗಿದ್ದಲ್ಲ. ಕೈಯಾರೆ ಅಳಿಸಿದ್ದು. 'ಅಬೌಟ್' ಪುಟದಲ್ಲಿ 'ಸಂಪೂರ್ಣ ಸ್ವದೇಶಿ, ಸಂಪೂರ್ಣ ಸ್ವಂತ ತಂತ್ರಾಂಶ' ಅಂತ ಬೇರೆ ದಪ್ಪ ಅಕ್ಷರದಲ್ಲಿ ಹಾಕಿದ್ದೆ!

ಸರಿಮಾಡಲು ಒಂದೂವರೆ ತಿಂಗಳು ಹಿಡಿಯಿತು. ಪೈಕ್ಯೂಟಿ ತೆಗೆದು ಪೈಸೈಡ್ ಅನ್ನೋ ಅಂಥದ್ದೇ ಇನ್ನೊಂದು ಲೈಬ್ರರಿಗೆ ಬಂದೆ, ಅದು ಎಲ್‌ಜಿಪಿಎಲ್‌ನಲ್ಲಿ ಸಿಗುತ್ತದೆ. ಎಲ್‌ಜಿಪಿಎಲ್ ಅಂದರೆ ಜಿಪಿಎಲ್‌ನ ಸ್ವಲ್ಪ ಮೆತ್ತನೆಯ ತಮ್ಮ: ನನ್ನ ಕೋಡನ್ನು ನಾನು ಮುಚ್ಚಿಟ್ಟುಕೊಳ್ಳಬಹುದು, ಆದರೆ ಆ ಲೈಬ್ರರಿಯ ಮಟ್ಟಿಗೆ ಬಳಸುವವರ ಹಕ್ಕು ಹಾಗೇ ಇರಬೇಕು, ಬೇಕೆಂದರೆ ಅದನ್ನು ತೆಗೆದು ಬೇರೆ ಆವೃತ್ತಿ ಹಾಕಿಕೊಳ್ಳುವ ಹಾಗಿರಬೇಕು. ಅಳಿಸಿದ ನಾಲ್ಕು ಸಾಲುಗಳನ್ನು ವಾಪಸ್ ಹಾಕಿದೆ.

ಚೀಟಿ ಮುದ್ರಿಸುವ ಕನ್ನಡ ಫಾಂಟಿನ ಕಥೆಯೂ ಕೇಳಿ. ನೋಟೋ ಸ್ಯಾನ್ಸ್ ಕನ್ನಡ ಬಳಸುತ್ತೇನೆ. ಅದಕ್ಕಿರುವುದು ಓಪನ್ ಫಾಂಟ್ ಲೈಸೆನ್ಸ್, 'ಬಲೂ ತಮ್ಮ' ಅನ್ನೋ ಇನ್ನೊಂದು ಕನ್ನಡ ಫಾಂಟಿಗೂ ಅದೇ. ಅದರಲ್ಲೊಂದು ಷರತ್ತಿದೆ, ಓದಿದಾಗ ನಕ್ಕೆ. ಫಾಂಟನ್ನು ಸಾಫ್ಟ್‌ವೇರಿನ ಜೊತೆ ಸೇರಿಸಿ ಮಾರಬಹುದು, ಬರೀ ಫಾಂಟನ್ನೇ ಮಾರುವ ಹಾಗಿಲ್ಲ. ಬಿಲ್ಲಿನಲ್ಲಿ 'ಕನ್ನಡ ಫಾಂಟ್ ಪ್ಯಾಕ್, 1,500 ರೂಪಾಯಿ' ಅಂತ ಪ್ರತ್ಯೇಕ ಸಾಲು ಹಾಕುವ ಅಭ್ಯಾಸ ಕೆಲವರಿಗಿದೆ. ಆ ಸಾಲು ಸರಿಯಲ್ಲ.

ಲೈಸೆನ್ಸ್ ಮುರಿಯುವುದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬರಿಸುವ ಒಂದು ವ್ಯಾಪಾರ ಇದೆ. ನಮ್ಮ ಪರಿಚಯದ ಒಬ್ಬರ ಮಿಲ್ಲಿಗೆ ಹೊರಗಿನಿಂದ ಬಂದ ಒಂದು ಕಂಪನಿ ಒಂದೂವರೆ ಲಕ್ಷಕ್ಕೆ ಲೆಕ್ಕಪತ್ರದ ಸಾಫ್ಟ್‌ವೇರ್ ಹಾಕಿಕೊಟ್ಟಿತು. ಒಳಗಿದ್ದದ್ದು ಒಂದು ಒಳ್ಳೆಯ ಜಿಪಿಎಲ್ ಸಾಫ್ಟ್‌ವೇರ್. ಬಣ್ಣ ಬದಲಿಸಿ, ಲೋಗೋ ಬದಲಿಸಿ, ಮೇಲೆ ಒಂದು ಬೀಗ ಹಾಕಿದ್ದರು, ಅಷ್ಟೇ. ಎರಡನೇ ವರ್ಷ ಎಎಂಸಿ (ವರ್ಷದ ನಿರ್ವಹಣೆ ಶುಲ್ಕ) ಕಟ್ಟಲಿಲ್ಲ ಅಂತ ಬೀಗ ಜಡಿದರು. ಬಾಕಿ ಯಾರದ್ದು, ರೈತರಿಗೆ ಕೊಡಬೇಕಾದ್ದು ಎಷ್ಟು, ಎಲ್ಲ ಒಳಗೇ ಉಳಿಯಿತು. ಸೋರ್ಸ್ ಕೋಡ್ ಕೇಳುವ ಹಕ್ಕು ತನಗಿತ್ತು ಅನ್ನೋದೇ ಆ ಸಾಹುಕಾರನಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಹೇಳಿದರೆ ವ್ಯಾಪಾರ ಎಲ್ಲಿರುತ್ತಿತ್ತು? ಒಂದೂವರೆ ಲಕ್ಷ ತಗೊಂಡಿದ್ದಕ್ಕೆ ನನ್ನ ತಕರಾರಿಲ್ಲ. ಕೊಂಡವನಿಗೆ ತಾನು ಏನು ಕೊಂಡೆ ಅಂತ ಗೊತ್ತಿರಲಿಲ್ಲವಲ್ಲ, ಅಲ್ಲಿದೆ ತಕರಾರು.

ಕೋಡ್ ಕೇಳಿದರೆ ಏನಾಗಬಹುದು ಅನ್ನೋದಕ್ಕೆ ಹಳೆಯ ಉದಾಹರಣೆ ಲಿಂಕ್‌ಸಿಸ್ ರೌಟರ್. 2003ರಲ್ಲಿ ಆ ಕಂಪನಿಯ ಒಂದು ವೈಫೈ ಡಬ್ಬಿಯ ಒಳಗೆ ಲಿನಕ್ಸ್ ಇದೆ, ಕೋಡ್ ಮಾತ್ರ ಕೊಟ್ಟಿಲ್ಲ ಅಂತ ಜನ ಕಂಡುಹಿಡಿದರು. ಒತ್ತಾಯ ಮಾಡಿದ ಮೇಲೆ ಕೋಡ್ ಹೊರಬಂತು. ಅದರಿಂದಲೇ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಮುಕ್ತ ರೌಟರ್ ಸಾಫ್ಟ್‌ವೇರ್ ಬೆಳೆಯಿತು, ಇವತ್ತು ಎಷ್ಟೋ ರೌಟರುಗಳಲ್ಲಿ ಓಡುತ್ತಿದೆ. ಕಟ್ಟೆ ಒಡೆದ ಮೇಲೆ ನೀರು ಎಲ್ಲೆಲ್ಲಿಗೋ ಹೋಗಿದೆ.

ಹೆಸರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೋಡ್ ಮುಕ್ತ ಅಂದ ಮಾತ್ರಕ್ಕೆ ಹೆಸರೂ ಮುಕ್ತ ಅಲ್ಲ. ಫೈರ್‌ಫಾಕ್ಸ್ ಬ್ರೌಸರಿನ ಕೋಡನ್ನು ಬದಲಿಸಿಕೊಳ್ಳುತ್ತಿದ್ದ ಡೆಬಿಯನ್ ಅನ್ನೋ ಲಿನಕ್ಸ್ ತಂಡದವರು 2006ರಿಂದ ಹತ್ತು ವರ್ಷ ಅದನ್ನು ಐಸ್‌ವೀಸಲ್ ಅಂತಲೇ ಕರೆದರು, ಹೆಸರು ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರದ್ದು ಅಂತ. ಬೇರೆ ಮಿಲ್ಲಿನ ಬ್ರ್ಯಾಂಡ್ ಇರುವ ಚೀಲಕ್ಕೆ ನಿಮ್ಮ ಸೋನಾ ಮಸೂರಿ ತುಂಬಿ ಮಾರಿದರೆ ಗಂಗಾವತಿಯಲ್ಲಿ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಇಲ್ಲಿಯವರೆಗೆ ಸಣ್ಣವರ ಮಾತು. ದೊಡ್ಡವರ ಜಗಳ ಇನ್ನೊಂದು ಬಗೆ.

ಜಿಪಿಎಲ್‌ನಲ್ಲಿ ಒಂದು ಸಂದಿ ಇದೆ. ಸಾಫ್ಟ್‌ವೇರನ್ನು ಇನ್ನೊಬ್ಬರಿಗೆ ಕೊಟ್ಟಾಗ ಮಾತ್ರ ಕೋಡ್ ಕೊಡಬೇಕು. ಕೊಡದೇ, ನಮ್ಮದೇ ಸರ್ವರಿನಲ್ಲಿ ಇಟ್ಟುಕೊಂಡು, ಬ್ರೌಸರಿನಲ್ಲಿ ಬಳಸಿ ಅಂತ ತಿಂಗಳಿಗಿಷ್ಟು ತಗೊಂಡರೆ? ಆಗ ಯಾರಿಗೂ 'ಕೊಟ್ಟ' ಹಾಗಾಗಲಿಲ್ಲ, ಕೋಡ್ ತೋರಿಸಬೇಕಿಲ್ಲ. ಈ ಸಂದಿ ಮುಚ್ಚಲು 2007ರಲ್ಲಿ ಎಜಿಪಿಎಲ್ ಮೂರನೇ ಆವೃತ್ತಿ ಬಂತು: ನೆಟ್‌ವರ್ಕ್ ಮೂಲಕ ಬಳಸುವವರಿಗೂ ನೀನು ಬದಲಿಸಿದ ಕೋಡ್ ಕೊಡಬೇಕು. ಕ್ಲೌಡ್, ಅಂದರೆ ದೊಡ್ಡ ಕಂಪನಿಗಳ ಬಾಡಿಗೆ ಸರ್ವರುಗಳು, ಬೆಳೆದ ಮೇಲೆ ಈ ಜಗಳ ಜೋರಾಯಿತು. ಎಲಾಸ್ಟಿಕ್‌ಸರ್ಚ್ ಅನ್ನೋ ಹುಡುಕಾಟದ ಎಂಜಿನ್ ಅಪಾಚೆ ಲೈಸೆನ್ಸಿನಲ್ಲಿತ್ತು. ಅಮೆಜಾನ್ ಅದನ್ನು ತನ್ನ ಕ್ಲೌಡಿನಲ್ಲಿ ಸೇವೆಯಾಗಿ ಮಾರಿತು. ಎಲಾಸ್ಟಿಕ್ ಕಂಪನಿ ನಮ್ಮ ಬೆವರು ಅವರ ಲಾಭ ಅಂತ ಹೇಳಿ, 2021ರಲ್ಲಿ ಓಪನ್ ಸೋರ್ಸ್ ಅಲ್ಲದ ಲೈಸೆನ್ಸಿಗೆ ಬದಲಿಸಿತು. ಅಮೆಜಾನ್ ಹಳೆಯ ಕೋಡನ್ನು ಎತ್ತಿಕೊಂಡು ಓಪನ್‌ಸರ್ಚ್ ಅಂತ ಬೇರೆ ಮನೆ ಮಾಡಿತು. 2024ರಲ್ಲಿ ಎಲಾಸ್ಟಿಕ್ ಎಜಿಪಿಎಲ್ ಆಯ್ಕೆಯನ್ನೂ ಕೊಟ್ಟು ಮತ್ತೆ ನಾವು ಓಪನ್ ಸೋರ್ಸ್ ಅಂದಿತು. ರೆಡಿಸ್ ಅನ್ನೋ ಡೇಟಾಬೇಸಿನದ್ದೂ ಅದೇ ದಾರಿ. 2024ರಲ್ಲಿ ಬಾಗಿಲು ಹಾಕಿತು, ವಾಲ್ಕಿ ಅನ್ನೋ ಕವಲು ಹುಟ್ಟಿತು, 2025ರಲ್ಲಿ ರೆಡಿಸ್ ಎಜಿಪಿಎಲ್ ಹಿಡಿದು ಮರಳಿತು.

ಯಾರದ್ದು ತಪ್ಪು? ಅಮೆಜಾನ್ ಲೈಸೆನ್ಸ್ ಮುರಿಯಲಿಲ್ಲ. ತಗೋ, ಏನಾದರೂ ಮಾಡು ಅಂತ ಬರೆದುಕೊಟ್ಟ ಮೇಲೆ ತಗೊಂಡಿದ್ದಕ್ಕೆ ಅಳುವುದರಲ್ಲಿ ಅರ್ಥವಿಲ್ಲ. ಆದರೆ ಅಷ್ಟು ದೊಡ್ಡ ಕಂಪನಿ, ಯಾರ ಗದ್ದೆಯಿಂದ ಎತ್ತಿದೆ ಅಂತ ನೋಡಬಾರದಾ ಅನ್ನೋ ಪ್ರಶ್ನೆ ಉಳಿಯುತ್ತದೆ. ಎಲಾಸ್ಟಿಕ್ ಮೇಲೂ ನನಗೆ ಅನುಕಂಪ ಅರ್ಧ ಮಾತ್ರ. ಆ ಕೋಡಿಗೆ ಹೊರಗಿನವರು ಎಷ್ಟೋ ಜನ ಪುಕ್ಕಟೆ ಕೈ ಹಾಕಿದ್ದರು, ಇದು ಅಪಾಚೆಯಲ್ಲೇ ಇರುತ್ತದೆ ಅಂತ ನಂಬಿ. ಕೋಡ್ ಕಳಿಸುವಾಗ ಅವರಿಂದ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿರುತ್ತಾರೆ, ಮುಂದೆ ಲೈಸೆನ್ಸ್ ಬದಲಿಸುವ ಅಧಿಕಾರ ಕಂಪನಿಗೆ ಅಂತ. ಸಹಿ ಹಾಕುವಾಗ ಯಾರು ಓದುತ್ತಾರೆ? ಸಹಾಯ ಮಾಡುವ ಹುರುಪಿನಲ್ಲಿ ಇರುತ್ತಾರೆ. ನೀವು ಎಲ್ಲಿಗಾದರೂ ಕೋಡ್ ಕಳಿಸುವ ಮುಂಚೆ ಅಂಥ ಕಾಗದ ಇದ್ದರೆ ಒಮ್ಮೆ ನಿಧಾನವಾಗಿ ಓದಿ.

ಲಿನಕ್ಸ್ ಮಾರುವ ರೆಡ್ ಹ್ಯಾಟ್ ಕಂಪನಿಯ ವಿಷಯ ನನಗೆ ಇನ್ನೂ ಬಗೆಹರಿದಿಲ್ಲ. 2019ರಲ್ಲಿ ಐಬಿಎಂ ಅದನ್ನು 34 ಬಿಲಿಯನ್ ಡಾಲರಿಗೆ ಕೊಂಡಿತು. ಪುಕ್ಕಟೆ ಸಿಗುವ ಲಿನಕ್ಸನ್ನು ಇಟ್ಟುಕೊಂಡು ಇಷ್ಟು ದೊಡ್ಡ ವ್ಯಾಪಾರ ಕಟ್ಟಬಹುದು ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಆಮೇಲೆ 2023ರಲ್ಲಿ ಅವರು ತಮ್ಮ ಎಂಟರ್‌ಪ್ರೈಸ್ ಲಿನಕ್ಸಿನ ಕೋಡನ್ನು ಎಲ್ಲರಿಗೂ ಇಡುವುದು ನಿಲ್ಲಿಸಿ, ಗ್ರಾಹಕರಿಗೆ ಮಾತ್ರ ಕೊಡತೊಡಗಿದರು. ಆಗಲೇ ಹೇಳಿದೆನಲ್ಲ, ಜಿಪಿಎಲ್ ಕೇಳುವುದೂ ಅಷ್ಟನ್ನೇ. ಅಕ್ಷರ ಸರಿಯಾಗಿದೆ. ಆದರೆ ಆ ಕೋಡನ್ನು ಹೊರಗೆ ಹಂಚಿದರೆ ನಿಮ್ಮ ಚಂದಾ ನಿಲ್ಲಿಸಬಹುದು ಅಂತ ಒಪ್ಪಂದದಲ್ಲಿ ಇಟ್ಟರೆ, ಹಕ್ಕು ಕೊಟ್ಟು ಕೈ ಹಿಡಿದ ಹಾಗಾಯಿತಲ್ಲ? ನನಗೆ ಅದು ಹಿಡಿಸಲಿಲ್ಲ. ಇನ್ನೊಂದು ಕಡೆ, ಲಿನಕ್ಸಿನ ಕೆಲಸಕ್ಕೆ ಸಂಬಳ ಕೊಟ್ಟು ಜನರನ್ನು ಇಟ್ಟವರೂ ಅವರೇ, ಲಿನಕ್ಸಿನಲ್ಲಿ ನಾವು ವರ್ಷಗಟ್ಟಲೆ ಕನ್ನಡ ಓದಿದ ಲೋಹಿತ್ ಫಾಂಟನ್ನು ಮುಕ್ತವಾಗಿ ಬಿಟ್ಟವರೂ ಅವರೇ. ಹೀಗಾಗಿ ಬೈಯಲು ಬಾಯಿ ತೆಗೆದರೆ ಅರ್ಧಕ್ಕೇ ನಿಲ್ಲುತ್ತದೆ.

ಕಾಲುವೆಯ ಹೋಲಿಕೆ ಒಂದು ಕಡೆ ಕೈಕೊಡುತ್ತದೆ, ಅದನ್ನೂ ಹೇಳಬೇಕು. ಮೇಲಿನವನು ನೀರು ಎತ್ತಿದರೆ ಕೆಳಗೆ ಅಷ್ಟು ಕಡಿಮೆ. ಕೋಡ್ ಹಾಗಲ್ಲ. ನಾನು ಪೋಸ್ಟ್‌ಗ್ರೆಸ್ ನಕಲು ಮಾಡಿಕೊಂಡರೆ ರಾಯಚೂರಿನ ಹತ್ತಿ ವ್ಯಾಪಾರಿಗೆ ಪೋಸ್ಟ್‌ಗ್ರೆಸ್ ಕಡಿಮೆಯಾಗಲ್ಲ. ಹಾಗಾದರೆ ಇಲ್ಲಿ ಖಾಲಿಯಾಗುವುದು ಏನು? ನೋಡಿಕೊಳ್ಳುವವರ ಟೈಮು. ಕಾಲುವೆಗೆ ಗ್ಯಾಂಗ್‌ಮನ್‌ಗಳು ಇದ್ದ ಹಾಗೆ ಪ್ರತಿ ಲೈಬ್ರರಿಗೂ ಒಬ್ಬರೋ ಇಬ್ಬರೋ ಇರುತ್ತಾರೆ, ಹೂಳು ತೆಗೆಯುವವರು, ಬಿರುಕು ಮುಚ್ಚುವವರು. ಬಹಳಷ್ಟು ಮಂದಿಗೆ ಅದರಿಂದ ಒಂದು ಪೈಸೆ ಬರಲ್ಲ. ಬ್ಯಾಂಕ್‌ಗಳೂ ಸೇರಿ ಅರ್ಧ ಇಂಟರ್ನೆಟ್ ನಂಬಿಕೊಂಡಿದ್ದ, ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ 2014ರಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ದೊಡ್ಡ ತೂತು ಸಿಕ್ಕಾಗ ಜನ ತಿರುಗಿ ನೋಡಿದರು. ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್.

2024ನೇ ಇಸವಿ ನಮ್ಮ ಭಾಗದವರು ಮರೆಯಲ್ಲ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಮು, ಮುಂದಿನ ಬೆಳೆಯ ನೀರು ಕಣ್ಣೆದುರೇ ಹೊಳೆಗೆ ಹೋಯಿತು. ಅದಕ್ಕೆ ನಾಲ್ಕೂವರೆ ತಿಂಗಳು ಮುಂಚೆ, ಮಾರ್ಚ್ ಕೊನೆಯಲ್ಲಿ, ಸಾಫ್ಟ್‌ವೇರ್ ಲೋಕದಲ್ಲೂ ಅಂಥದ್ದೇ ಒಂದು ಕೊಂಡಿ ತುಂಡಾಗುವುದರಲ್ಲಿತ್ತು. ಎಕ್ಸ್‌ಜಡ್ ಅಂತ ಫೈಲು ಕುಗ್ಗಿಸುವ ಒಂದು ಸಣ್ಣ ಸಲಕರಣೆ, ಹೆಚ್ಚು ಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ವರ್ಷಗಳಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು, ಕೆಲಸ ನಿಧಾನ ಅಂತ ಜನ ಬೈಯುತ್ತಿದ್ದರು. ಸಹಾಯಕ್ಕೆ ಅಂತ ಬಂದ ಒಬ್ಬ ಅಪರಿಚಿತ ಎರಡು ವರ್ಷ ನಂಬಿಕೆ ಗಳಿಸಿ, ಕೀಲಿ ಕೈಗೆ ಬಂದ ಮೇಲೆ ಒಳಗೆ ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಪೋಸ್ಟ್‌ಗ್ರೆಸ್ ಡೆವಲಪರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ತಲೆಕೆರೆದುಕೊಂಡು ಹಿಂದೆ ಬಿದ್ದು ಅದನ್ನು ಹಿಡಿದರು. ಅರ್ಧ ಸೆಕೆಂಡ್! ಗಂಗಾವತಿಯ ಮಿಲ್ಲಿನ ಲೆಕ್ಕ ಇಟ್ಟಿರುವ ಅದೇ ಪೋಸ್ಟ್‌ಗ್ರೆಸ್ ಬರೆಯುವವರಲ್ಲಿ ಒಬ್ಬರು ಅವರು. ಅವರಿಗೆ ನಾನು ಅಲ್ಲಿಯವರೆಗೆ ಕೊಟ್ಟಿದ್ದು ಸೊನ್ನೆ.

ಇಂಟರ್ನೆಟ್ಟಿನಲ್ಲಿ ಮಾಹಿತಿ ಕಳಿಸಿ ತರಿಸುವ ಕರ್ಲ್ ಅನ್ನೋ ಮುಕ್ತ ಸಲಕರಣೆ ಬರೆದ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ 2022ರಲ್ಲಿ ಒಂದು ದೈತ್ಯ ಕಂಪನಿಯಿಂದ ಮೇಲ್ ಬಂತು. ನಿಮ್ಮ ಪ್ರಾಡಕ್ಟಿನ ಭದ್ರತೆ ಬಗ್ಗೆ ಇಷ್ಟಿಷ್ಟು ಪ್ರಶ್ನೆಗಳಿವೆ, 24 ಗಂಟೆಯಲ್ಲಿ ಉತ್ತರ ಕೊಡಿ ಅಂತ. ಅವರಿಗೆ ಆ ಕಂಪನಿ ಒಂದು ಡಾಲರೂ ಕೊಟ್ಟಿರಲಿಲ್ಲ. ಸಪೋರ್ಟ್ ಒಪ್ಪಂದ ಮಾಡಿಕೊಂಡ ಕೂಡಲೇ ಖುಷಿಯಿಂದ ಉತ್ತರಿಸುತ್ತೇನೆ ಅಂತ ಅವರು ಬರೆದರು. ಈ ಉತ್ತರ ನನಗೆ ಬಹಳ ಇಷ್ಟ.

ಈ ಭಾಗಕ್ಕೆ ಲೈಸೆನ್ಸಿನಲ್ಲಿ ಒಂದು ಸಾಲೂ ಇಲ್ಲ. ಬಳಸಿದವನು ದುಡ್ಡು ಕೊಡಬೇಕು ಅಂತ ಯಾವ ಓಪನ್ ಸೋರ್ಸ್ ಲೈಸೆನ್ಸೂ ಹೇಳಲ್ಲ, ಹೇಳುವ ಹಾಗೂ ಇಲ್ಲ. ಅದಕ್ಕೇ ಇದು ಪೂರ್ತಿ ನಮ್ಮ ಮನಸ್ಸಿಗೆ ಬಿಟ್ಟ ವಿಷಯ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರಿನ ಒಂದು ನಿಧಿಯನ್ನು ಓಪನ್ ಸೋರ್ಸ್ ಯೋಜನೆಗಳಿಗೆ ಅಂತಲೇ ತೆಗೆದಿಟ್ಟಿತು. ತಮ್ಮ ಕಂಪನಿ ನಿಂತಿರುವುದೇ ಆ ಕೋಡಿನ ಮೇಲೆ ಅಂತ ಅವರು ಮುಚ್ಚುಮರೆ ಮಾಡಲ್ಲ. ನನ್ನಂಥವನು ಎಷ್ಟು ಕೊಡಬಲ್ಲೆ? ಪ್ರತಿ ಎಎಂಸಿಯಿಂದ 500 ರೂಪಾಯಿ ಪಕ್ಕಕ್ಕಿಟ್ಟು, ವರ್ಷಕ್ಕೊಮ್ಮೆ ಮೂರು ಯೋಜನೆಗೆ ಹಂಚುತ್ತೇನೆ. ಹೊರದೇಶಕ್ಕೆ ಕಳಿಸುವಾಗ ಕಾರ್ಡಿನವರು ತಿನ್ನುವುದೇ ಒಂದಿಷ್ಟು, ಆ ಗೋಳು ಬೇರೆ. ದುಡ್ಡಿಗಿಂತ ಕೆಲಸಕ್ಕೆ ಬಂದಿದ್ದು ಇನ್ನೊಂದು. ಆ ಬಾರ್‌ಕೋಡ್ ಲೈಬ್ರರಿಯಲ್ಲಿ ಕನ್ನಡ ಅಕ್ಷರ ಕೊಟ್ಟರೆ ಒತ್ತಕ್ಷರ ಒಡೆದು ಬರುತ್ತಿತ್ತು. ನಾನು ನನ್ನ ನಕಲಿನಲ್ಲಿ ಸರಿಮಾಡಿಕೊಂಡು ಎರಡು ವರ್ಷ ಸುಮ್ಮನಿದ್ದೆ. ಹೋದ ಸಲ ಅದನ್ನು ಮೂಲದವರಿಗೆ ಕಳಿಸಿದೆ. ಹನ್ನೊಂದು ಸಾಲು ಅಷ್ಟೇ. ಈಗ ಯಾರು ಬಳಸಿದರೂ 'ಸಿರುಗುಪ್ಪ' ಸರಿಯಾಗಿ ಬರುತ್ತದೆ.

ಇನ್ನು ಗ್ರಾಹಕರ ಜೊತೆ. ಈಗ ಮಿಲ್ಲಿಗೆ ಕೊಡುವ ಕೊಟೇಶನ್ನಿನಲ್ಲೇ ಬರೆಯುತ್ತೇನೆ, ಒಳಗೆ ಏನೇನು ಓಪನ್ ಸೋರ್ಸ್ ಇದೆ, ನಾನು ಬರೆದದ್ದು ಯಾವುದು, ನಲವತ್ತು ಸಾವಿರದಲ್ಲಿ ಏನೇನು ಬರುತ್ತದೆ. ನನ್ನನ್ನು ಬಿಟ್ಟು ಬೇರೆಯವರ ಹತ್ತಿರ ಹೋಗುವುದಾದರೆ ಪೂರ್ತಿ ಲೆಕ್ಕ ಎಕ್ಸೆಲ್ ಫೈಲಾಗಿ ಒಂದು ಬಟನ್ನಿಗೆ ಸಿಗುತ್ತದೆ, ಎಎಂಸಿ ಕಟ್ಟದಿದ್ದರೂ ಆ ಬಟನ್ ಕೆಲಸ ಮಾಡುತ್ತದೆ. ಸಹವ್ಯಾಪಾರಿಯೊಬ್ಬ ನನಗೆ ಹುಚ್ಚು ಅಂದ. ಇರಬಹುದು. ಇಲ್ಲಿಯವರೆಗೆ ಆ ಬಟನ್ ಒತ್ತಿ ಹೋದವರು ಒಬ್ಬರೇ, ಅವರು ಮಿಲ್ಲನ್ನೇ ಮಾರಿದರು.

ಮೊನ್ನೆ ಹೊಸ ಆವೃತ್ತಿ ಹಾಕಲು ಅದೇ ಮಿಲ್ಲಿಗೆ ಹೋಗಿದ್ದೆ. ಹುಡುಗ ಮತ್ತೆ ರಜಕ್ಕೆ ಬಂದಿದ್ದ. 'ಅಬೌಟ್' ಪುಟ ತೆಗೆದು ಅಪ್ಪನಿಗೆ ಜೋರಾಗಿ ಓದಿ ಹೇಳಿದ, ಪೋಸ್ಟ್‌ಗ್ರೆಸ್‌ನವರು, ಪೈಥಾನ್‌ನವರು, ಪೈಸೈಡ್‌ನವರು, ಫಾಂಟಿನವರು, ಬಾರ್‌ಕೋಡಿನವನು, ಹೀಗೆ ಕೆಳಗೆ ಕೆಳಗೆ ಹೋಗುತ್ತಲೇ ಇತ್ತು ಪಟ್ಟಿ. ಸಾಹುಕಾರರು ಚಹಾ ಕುಡಿಯುತ್ತಾ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಏನ್ ತಮ್ಮಾ, ಇಷ್ಟ್ ಮಂದಿ ಕೂಡಿ ಮಾಡಿದ್ದಾ ಇದು? ಮತ್ತ ರೊಕ್ಕ ನೀ ಒಬ್ಬನ ಇಸ್ಕೊಳ್ಳಾಕತ್ತಿಯಲ್ಲ!"

"ಕಾಟಾ ಕೆಟ್ರ ಅವ್ರು ಬರಂಗಿಲ್ರೀ ಸಾವ್ಕಾರ್ರ, ನಾನ ಬರಬೇಕು," ಅಂದೆ.

"ಅದೂ ಖರೇ," ಅಂದರು. ಈ ವರ್ಷದ ಎಎಂಸಿ ಚೆಕ್ಕಿಗೆ ಮಾತ್ರ ನಾಳೆ ಬಾ ಅಂದರು.